ನೋಡಿ ಬಂದೆವು ಎನ್ನುವ ಮೊದಲು

ಮೈಸೂರು ಪ್ರವಾಸ ಮುಗಿಸಿ ಬಂದವರನ್ನು ಏನೇನು ನೋಡಿದಿರಿ ಎಂದು ಕೇಳಿ. ಅರಮನೆ, ಚಾಮುಂಡಿ ಬೆಟ್ಟ, ಮೃಗಾಲಯ, ಬೃಂದಾವನ ಎಂದು ಬೆರಳು ಮಡಿಸುತ್ತಾ ಬಂದು, ಕೊನೆಗೆ "ಆಮೇಲೆ ಆ ದೊಡ್ಡ ಚರ್ಚು" ಎನ್ನುತ್ತಾರೆ. ಅಲ್ಲಿ ಏನು ಕಂಡಿರಿ ಎಂದರೆ "ಅಬ್ಬಾ, ಎಷ್ಟು ಎತ್ತರ ಇದೆ ರೀ!" ಎಂಬ ಉತ್ತರ. ಎತ್ತರ ನೋಡುವುದಕ್ಕೆ ಒಳಗೆ ಹೋಗಬೇಕಾಗಿರಲಿಲ್ಲ. ಅಶೋಕ ರಸ್ತೆಯಲ್ಲಿ ನಿಂತು ಕತ್ತೆತ್ತಿದ್ದರೆ ಸಾಕಿತ್ತು.

ನನ್ನ ತಕರಾರು ಚರ್ಚಿಗೆ ಹೋಗುವುದರ ಬಗ್ಗೆ ಅಲ್ಲ, ಹೋಗುವ ರೀತಿಯ ಬಗ್ಗೆ. ಮೊಣಕಾಲೂರಿ ಕಣ್ಣು ಮುಚ್ಚಿದ ಹೆಂಗಸಿನ ಪಕ್ಕದಲ್ಲೇ ನಿಂತು ನಾವು ಮೊಬೈಲ್ ಎತ್ತುತ್ತೇವೆ. ಅವಳ ಅಳುವ ಮುಖವೂ ನಮ್ಮ ಚಿತ್ರದಲ್ಲಿ ಬಿದ್ದಿರುತ್ತದೆ. ನಮ್ಮ ಊರಿನ ದೇವಸ್ಥಾನದಲ್ಲಿ ಮಂಗಳಾರತಿಯ ಹೊತ್ತಿಗೆ ಯಾರೋ ಅಪರಿಚಿತರು ನಮ್ಮ ಮುಖಕ್ಕೆ ಹೀಗೆ ಕ್ಯಾಮೆರಾ ಹಿಡಿದರೆ ಸುಮ್ಮನಿರುತ್ತೇವೆಯೇ? ಅಲ್ಲಿ ಮಡಿ ಮೈಲಿಗೆಯ ಲೆಕ್ಕ ಹಾಕುವ ನಾವು ಇಲ್ಲಿ ಕಡಲೆಕಾಯಿ ತಿನ್ನುತ್ತಾ ಬೆಂಚಿನ ಮೇಲೆ ಒರಗುತ್ತೇವೆ.

ಒಮ್ಮೆ ಅಲ್ಲಿಯ ನೆಲಮಾಳಿಗೆಯ ಮೆಟ್ಟಿಲ ಬಳಿ ಏಳೆಂಟು ವರ್ಷದ ಹುಡುಗಿಯೊಬ್ಬಳು ತಾಯಿಯ ಸೆರಗು ಜಗ್ಗಿ, "ಅಮ್ಮ, ಫಿಲೋಮಿನಾ ಅಂದ್ರೆ ಯಾರಮ್ಮ?" ಎಂದಳು. "ಅವರ ದೇವರು ಕಣೇ. ಬಾ ಬೇಗ, ಬಸ್ಸು ಹೊರಡತ್ತೆ" ಎಂದು ತಾಯಿ ಎಳೆದುಕೊಂಡು ಹೋದರು. ಬಸ್ಸಿನ ಅವಸರ ನನಗೂ ಗೊತ್ತು. ಆದರೆ ಆ "ಅವರ" ಎಂಬ ಒಂದು ಮಾತಿನಲ್ಲಿ ಮಗುವಿನ ಕುತೂಹಲದ ಬಾಗಿಲನ್ನು ನಾವೇ ಮುಚ್ಚಿಬಿಟ್ಟೆವಲ್ಲ, ಅದು ನನ್ನ ಸಂಕಟ.

ಯಾರು ಈ ಫಿಲೋಮಿನಾ? 1802ರಲ್ಲಿ ರೋಮ್ ನಗರದ ನೆಲದಡಿಯ ಹಳೆಯ ಸಮಾಧಿಗಳ ನಡುವೆ ಒಂದು ಗೂಡು ಸಿಕ್ಕಿತು. ಅದಕ್ಕೆ ಮುಚ್ಚಿದ್ದ ಮೂರು ಹೆಂಚುಗಳ ಮೇಲಿನ ಅಕ್ಷರಗಳನ್ನು ಸರಿಯಾಗಿ ಜೋಡಿಸಿ ಓದಿದಾಗ ಹೊರಟ ಅರ್ಥ, ಫಿಲೋಮಿನಾ, ನಿನಗೆ ಶಾಂತಿ ಇರಲಿ ಎಂದು. ಒಳಗಿದ್ದದ್ದು ಒಬ್ಬ ಎಳೆಯ ಹುಡುಗಿಯ ಮೂಳೆಗಳು ಎಂದರು. ಊರು, ತಂದೆ ತಾಯಿ, ಬದುಕಿದ ಕಾಲ ಯಾವುದಕ್ಕೂ ದಾಖಲೆಯಿಲ್ಲ. ಆದರೂ ಯುರೋಪಿನ ಬಡವರು, ರೋಗಿಗಳು ಅವಳನ್ನು ನೆಚ್ಚಿದರು. 1837ರಲ್ಲಿ ಪೋಪರು ಅವಳ ಹಬ್ಬಕ್ಕೆ ಒಪ್ಪಿಗೆ ಕೊಟ್ಟರು. 1961ರಲ್ಲಿ ಅದೇ ರೋಮ್, ಹಬ್ಬಗಳ ಪಂಚಾಂಗದಿಂದ ಅವಳ ಹೆಸರನ್ನು ತೆಗೆದುಹಾಕಿತು. ಮೈಸೂರಿನ ಜನ ಮಾತ್ರ ಅವಳನ್ನು ಬಿಡಲಿಲ್ಲ. ಈ ಮಂದಿರದ ಅಧಿಕೃತ ಹೆಸರಿನಲ್ಲಿ ಸಂತ ಜೋಸೆಫ್ ಹೆಸರೂ ಇದೆ. ಆಟೋದವರಿಂದ ಹಿಡಿದು ಎಲ್ಲರ ಬಾಯಲ್ಲಿರುವುದು ಫಿಲೋಮಿನಾ ಚರ್ಚು.

ಈಗ ಹೇಳಿ, ಇದು ನಮಗೆ ಅಪರಿಚಿತ ಕಥೆಯೇ? ಯಾವ ಶಾಸ್ತ್ರಗ್ರಂಥದಲ್ಲೂ ಹೆಸರಿಲ್ಲದ ಎಷ್ಟು ಅಮ್ಮಂದಿರು ನಮ್ಮ ಊರುಗಳ ಗಡಿಯಲ್ಲಿ, ಹುಣಸೆಮರದ ಬುಡದಲ್ಲಿ ಕುಳಿತಿಲ್ಲ! ದೊಡ್ಡವರ ಪಟ್ಟಿಯಲ್ಲಿ ಹೆಸರಿದ್ದರೇನು, ಇಲ್ಲದಿದ್ದರೇನು, ಮಗುವಿಗೆ ಜ್ವರ ಬಂದಾಗ ಹೆಂಗಸರು ನೆನೆಯುವುದು ಅವರನ್ನೇ. ಫಿಲೋಮಿನಾ ನಮಗೆ ಅರ್ಥವಾಗದಿದ್ದರೆ ಇನ್ಯಾರಿಗೆ ಅರ್ಥವಾಗಬೇಕು?

"ಆ ಕಟ್ಟಡ ನಮ್ಮ ಮಹಾರಾಜರೇ ಕಟ್ಟಿಸಿದ್ದಲ್ಲವೇ, ನಾವು ಹೇಗೆ ನೋಡಿದರೇನು?" ಎನ್ನುವವರಿದ್ದಾರೆ. ರಾಜರ ಆಸರೆ ನಿಜ. 1843ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅಲ್ಲೊಂದು ಚಿಕ್ಕ ಚರ್ಚು ಎದ್ದಿತ್ತು. ಮುಂದೆ ಅರಮನೆಯ ಕಾರ್ಯದರ್ಶಿಯಾಗಿದ್ದ ತಂಬುಚೆಟ್ಟಿಯವರು 1926ರಲ್ಲಿ ಸಂತಳ ಪವಿತ್ರ ಅವಶೇಷವೊಂದನ್ನು ತರಿಸಿಕೊಂಡರು. 1933ರ ಅಕ್ಟೋಬರ್ 28ರಂದು ಈಗಿನ ಕಟ್ಟಡಕ್ಕೆ ನಾಲ್ವಡಿಯವರು ಅಡಿಗಲ್ಲಿಟ್ಟರು. ಜರ್ಮನಿಯ ಕಲೋನ್ ನಗರದ ಚರ್ಚನ್ನು ನೆನಪಿಸುವ 175 ಅಡಿಯ ಜೋಡಿ ಗೋಪುರಗಳು ಎದ್ದದ್ದು ಹೀಗೆ. ಆದರೆ ಈ ಇತಿಹಾಸದಿಂದ ಕಲಿಯಬೇಕಾದ ಪಾಠ ಬೇರೆಯೇ ಇದೆ. ಚಾಮುಂಡೇಶ್ವರಿಯ ಒಕ್ಕಲಾದ ಅರಸು ಇನ್ನೊಬ್ಬರ ದೇವಮಂದಿರಕ್ಕೆ ಕಲ್ಲಿಡುವಾಗ ಅದನ್ನು ತನ್ನ ವಸ್ತುಸಂಗ್ರಹಾಲಯ ಎಂದುಕೊಳ್ಳಲಿಲ್ಲ, ದೇವರ ಮನೆ ಎಂದೇ ತಿಳಿದು ಗೌರವ ಕೊಟ್ಟರು. ಅವರ ಹೆಸರು ಹೇಳಿಕೊಂಡು ಸಲಿಗೆ ತೋರುವವರು ಅವರ ಮರ್ಯಾದೆಯನ್ನೂ ಕಲಿಯಬೇಡವೇ?

"ಹಾಗಾದರೆ ಬೇರೆಯವರ ಜಾಗಕ್ಕೆ ನಾವು ಹೋಗುವುದೇ ಬೇಡ" ಎನ್ನುವ ಇನ್ನೊಂದು ಗುಂಪಿದೆ. ಈ ಮಾತು ಈಚೀಚೆಗೆ ಜೋರಾಗಿಯೇ ಕೇಳಿಸುತ್ತಿದೆ. ನನಗೆ ಇದು ಮೊದಲಿನದಕ್ಕಿಂತ ಅಪಾಯದ್ದಾಗಿ ಕಾಣುತ್ತದೆ. ಒಬ್ಬರ ಮನೆ ಹೊಸಿಲು ಇನ್ನೊಬ್ಬರು ತುಳಿಯದ ಊರಿನಲ್ಲಿ ಗಾಳಿಮಾತಿಗೆ ರೆಕ್ಕೆ ಬೇಗ ಬರುತ್ತದೆ. ಪಕ್ಕದ ಬೀದಿಯ ಮೇರಿಯಮ್ಮ ಏನನ್ನು ಬೇಡಿಕೊಳ್ಳುತ್ತಾಳೆ ಎಂದು ಒಮ್ಮೆ ಕಂಡವಳು ಅವಳ ಬಗ್ಗೆ ಹೇಳಿದ್ದನ್ನೆಲ್ಲ ನಂಬುವುದಿಲ್ಲ. ಅವಳೂ ಬೇಡುವುದು ಮಗಳ ಮದುವೆ, ಗಂಡನ ಕುಡಿತ ಬಿಡಿಸುವುದು, ಮಗನ ಕೆಲಸ. ನಮ್ಮ ಹರಕೆಗೂ ಅದಕ್ಕೂ ಏನು ಅಂತರ?

ಹೋಗೋಣ, ಖಂಡಿತ ಹೋಗೋಣ. ಮೊಬೈಲನ್ನು ಬ್ಯಾಗಿನೊಳಗೆ ಹಾಕೋಣ. ಪೂಜೆ ನಡೆಯುತ್ತಿದ್ದರೆ ಮುಗಿಯುವ ತನಕ ಹಿಂದಿನ ಸಾಲಿನಲ್ಲಿ ಕೂರೋಣ. ಬಣ್ಣದ ಗಾಜಿನ ಕಿಟಕಿಗಳಲ್ಲಿ ಕ್ರಿಸ್ತನ ಹುಟ್ಟು, ಕಡೆಯ ಭೋಜನ, ಶಿಲುಬೆಯ ಸಾವು ಎಲ್ಲವೂ ಇವೆ. ಮಕ್ಕಳಿಗೆ ಅವನ್ನು ಮೆಲುದನಿಯಲ್ಲಿ ಹೇಳೋಣ. ನೆಲಮಾಳಿಗೆಗೆ ಇಳಿದಾಗ ಹಿಂದಿನವರನ್ನು ತಳ್ಳದೆ, ಮುಂದಿನವರ ಪ್ರಾರ್ಥನೆ ಕೆಡಿಸದೆ ನಡೆಯೋಣ. ಇಷ್ಟಕ್ಕೆ ಹಣ ಬೇಡ, ಓದು ಬೇಡ, ಇನ್ನೂ ಅರ್ಧ ಗಂಟೆ ಸಾಕು. ಅರ್ಧ ಗಂಟೆ ಇಲ್ಲ ಎನ್ನುವ ಪ್ರವಾಸದ ಪಟ್ಟಿಯಿಂದ ಒಂದು ಅಂಗಡಿಯನ್ನು ಕೈಬಿಟ್ಟರಾಯಿತು. ರೇಷ್ಮೆ ಸೀರೆ ನಮ್ಮೂರಲ್ಲೂ ಸಿಗುತ್ತದೆ.