ಮೊದಲು ಊಟ, ಆಮೇಲೆ ಲೆಕ್ಕ

ಸಿಎ ಫೈನಲ್‌ನ ಒಂದು ಗ್ರೂಪ್ ಪಾಸಾಗಲು ಒಟ್ಟು 300ಕ್ಕೆ 150 ಅಂಕ ಬೇಕು. ನನಗೆ ಬಂದದ್ದು 146. ಅದೂ ಮೂರನೇ ಸಲ.

ಅವತ್ತು ಸಂಜೆ ಊರಿಂದ ಅಮ್ಮ ಫೋನ್ ಮಾಡಿದರು. "ರಿಸಲ್ಟ್ ಇನ್ನೂ ಬಂದಿಲ್ಲಮ್ಮಾ, ಮುಂದಕ್ಕೆ ಹೋಗಿದೆ" ಅಂದುಬಿಟ್ಟೆ. ಆಮೇಲೆ ಎರಡು ಭಾನುವಾರ ಚರ್ಚ್‌ಗೂ ಹೋಗಲಿಲ್ಲ. ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ನಿಂತು "ಏನಾಯ್ತು ರಿಸಲ್ಟು?" ಅಂತ ಕೇಳೋರು ಇದ್ದೇ ಇರ್ತಾರಲ್ಲ! ನಿಜ ಹೇಳ್ಬೇಕು ಅಂದ್ರೆ, ದೇವರ ಮೇಲೂ ಸಿಟ್ಟಿತ್ತು. ಅಷ್ಟೊಂದು ಪ್ರಾರ್ಥನೆ ಮಾಡಿದ್ದೆ, ನಾಲ್ಕೇ ನಾಲ್ಕು ಅಂಕ!

ಒಂದು ರಾತ್ರಿ ನಿದ್ದೆ ಬಾರದೆ ಫೋನಿನಲ್ಲಿ ಬೈಬಲ್ ತೆರೆದೆ. ಸಿಕ್ಕಿದ್ದು ಯೋಹಾನನ ಸುವಾರ್ತೆಯ 21ನೇ ಅಧ್ಯಾಯ. ಪೇತ್ರ ಮತ್ತು ಗೆಳೆಯರು ರಾತ್ರಿಯಿಡೀ ಬಲೆ ಬೀಸಿದರೂ ಒಂದು ಮೀನೂ ಇಲ್ಲ. ಬೆಳಗಾದಾಗ ದಡದಲ್ಲಿ ನಿಂತಿದ್ದ ಯೇಸು ಹೇಳಿದ ಕಡೆ ಬಲೆ ಹಾಕಿದರೆ 153 ದೊಡ್ಡ ಮೀನು. ಸಂಡೇ ಸ್ಕೂಲಿನಿಂದ ನನಗೆ ನೆನಪಿದ್ದದ್ದು ಆ 153 ಮಾತ್ರ.

ಈ ಸಲ ಕಣ್ಣು ನಿಂತದ್ದು ಇದ್ದಲಿನ ಬೆಂಕಿಯ ಮೇಲೆ. ಯೇಸುವನ್ನು ಬಂಧಿಸಿದ ರಾತ್ರಿ ಪೇತ್ರ ಚಳಿ ಕಾಯಿಸುತ್ತಾ ನಿಂತದ್ದೂ ಇದ್ದಲಿನ ಬೆಂಕಿಯ ಹತ್ತಿರವೇ. ಯೇಸುವಿಗೂ ತನಗೂ ಸಂಬಂಧವಿಲ್ಲ ಅಂತ ಮೂರು ಸಲ ಸುಳ್ಳು ಹೇಳಿದ್ದು ಆ ರಾತ್ರಿಯೇ. ಈಗ ದಡದಲ್ಲೂ ಅಂಥದ್ದೇ ಬೆಂಕಿ. ಆದರೆ ಅದರ ಮೇಲೆ ಮೀನು ಬೇಯುತ್ತಿದೆ, ಜೊತೆಗೆ ರೊಟ್ಟಿಯೂ ಇದೆ. ಬಲೆಯ ಮೀನು ದಡಕ್ಕೆ ಬರುವ ಮೊದಲೇ ತಿಂಡಿ ರೆಡಿ!

ತಿಂದಾದ ಮೇಲೆಯೇ ಪ್ರಶ್ನೆ. ಅದೂ 'ಯಾಕೆ ಹಾಗೆ ಮಾಡಿದೆ' ಅಂತಲ್ಲ. ನನ್ನ ಮೇಲೆ ಪ್ರೀತಿ ಇದೆಯಾ ಅಂತ, ಮೂರು ಸಲ. ಸೋತವನಿಗೇ ತನ್ನ ಕುರಿಗಳನ್ನು ನೋಡಿಕೊಳ್ಳುವ ಕೆಲಸವನ್ನೂ ಕೊಟ್ಟರು.

ಬೆಳಗ್ಗೆ ಎದ್ದವಳೇ ಅಮ್ಮನಿಗೆ ಫೋನ್ ಮಾಡಿ ನಿಜ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನಂಗೆ ಗೊತ್ತಿತ್ತು ಮಗಾ. ರಿಸಲ್ಟ್ ಬಂದದ್ದು ಟಿವಿಯಲ್ಲೇ ಹೇಳಿದ್ರು. ತಿಂಡಿ ಆಯ್ತಾ?" ಅಂದರು. ಅತ್ತುಬಿಟ್ಟೆ.

ನಂಬಿಕೆ ಇದ್ದರೆ ಮುಂದಿನ ಸಲ ಪಾಸ್ ಗ್ಯಾರಂಟಿ ಅಂತ ನಾನು ಹೇಳಲ್ಲ. ಆ ನಾಲ್ಕು ಅಂಕಕ್ಕೆ ಓದಲೇಬೇಕು, ಬೆಳಗ್ಗೆ ಐದಕ್ಕೆ ಏಳಲೇಬೇಕು. ಆದರೆ ಪಾಸಾದ ಮೇಲಷ್ಟೇ ಹತ್ತಿರ ಕರೆಯುವ ದೇವರಲ್ಲ ನಮ್ಮವರು ಅನ್ನೋದು ಈಗ ಗೊತ್ತು. ಹಾಗಾಗಿ ಅಡಗಿಕೊಳ್ಳೋದು ಬಿಟ್ಟಿದ್ದೇನೆ.

ನೀವೂ ಏನಾದರೂ ಬಚ್ಚಿಟ್ಟಿದ್ದರೆ, ಇವತ್ತು ಒಬ್ಬರಿಗಾದರೂ ಹೇಳಿ. ಊಟ, ನಿದ್ದೆ ಬಿಟ್ಟುಹೋಗುವಷ್ಟು ಭಾರವಾಗಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಸಹಾಯ ಕೇಳಿದರೆ ನಂಬಿಕೆ ಕಡಿಮೆ ಅಂತ ಅರ್ಥ ಅಲ್ಲ.

ಮೊನ್ನೆ ಭಾನುವಾರ ಚರ್ಚ್‌ಗೆ ಹೋಗಿದ್ದೆ. ಬಾಗಿಲಲ್ಲಿ ಕೇಳಿಯೇ ಕೇಳಿದರು. "ಆಗ್ಲಿಲ್ಲ ಆಂಟಿ, ನಾಲ್ಕು ಅಂಕ ಕಡಿಮೆ" ಅಂದೆ. ಅವರು ಕೈ ಹಿಡಿದು, "ಬಾ, ಮೊದಲು ಕಾಫಿ ಕುಡಿ" ಅಂದರು.