ಹಳೆಯ ಗಣಕಯಂತ್ರ: ಎಸೆಯುವ ಮುನ್ನ ಒಂದು ಪರೀಕ್ಷೆ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅಂದು ಯಾವ ಯಂತ್ರವೂ ಕೆಟ್ಟು ನಿಲ್ಲಲಿಲ್ಲ. ಆದರೂ ಅಸಂಖ್ಯ ಯಂತ್ರಗಳಿಗೆ ‘ಹಳತು’ ಎಂಬ ಹಣೆಪಟ್ಟಿ ಬಿತ್ತು. ಮಲೆನಾಡಿನ ಒಂಟಿಮನೆಯಲ್ಲಾಗಲಿ, ವಿಜಯಪುರ ಜಿಲ್ಲೆಯ ಹೊನವಾಡದಂತಹ ಬಯಲುಸೀಮೆಯ ಊರಿನಲ್ಲಾಗಲಿ, ಮಕ್ಕಳ ಓದಿಗೆಂದು ಕೊಂಡ ಗಣಕಯಂತ್ರದ ಮುಂದೆ ಈಗ ಒಂದೇ ಪ್ರಶ್ನೆ: ಉಳಿಸಿಕೊಳ್ಳುವುದೋ, ಗುಜರಿಗೆ ಹಾಕುವುದೋ?

ಈ ಪ್ರಶ್ನೆ ಕೇವಲ ಹಣದ್ದಲ್ಲ. ಪರದೆಯೊಡನೆ ಒಂದು ಮೇಜುಗಣಕವನ್ನು ತಯಾರಿಸಲು ಸುಮಾರು 240 ಕಿಲೋ ಪಳೆಯುಳಿಕೆ ಇಂಧನ, 22 ಕಿಲೋ ರಾಸಾಯನಿಕ ಹಾಗೂ 1,500 ಕಿಲೋ ನೀರು ಬೇಕೆಂದು ವಿಶ್ವಸಂಸ್ಥೆಯ ವಿಶ್ವವಿದ್ಯಾಲಯವು 2004ರಲ್ಲಿ ಲೆಕ್ಕ ಹಾಕಿತ್ತು. ಮಣ್ಣು ಪರೀಕ್ಷಿಸದೆ ಗೊಬ್ಬರ ಸುರಿಯುವುದು ಹೇಗೆ ಅವಿವೇಕವೋ, ಪರೀಕ್ಷಿಸದೆ ಯಂತ್ರವನ್ನು ಎಸೆಯುವುದೂ ಹಾಗೆಯೇ.

ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ್‍ಯಾಮ್, 64 ಜಿಬಿ ಸಂಗ್ರಹ, ಟಿಪಿಎಂ 2.0 ಎಂಬ ಭದ್ರತಾ ಘಟಕ ಮತ್ತು ಕಂಪನಿ ಒಪ್ಪಿದ ಪ್ರೊಸೆಸರ್ ಇರಬೇಕು. ಇಂಟೆಲ್‌ನ ಏಳನೆಯ ತಲೆಮಾರಿನವರೆಗಿನ ಪ್ರೊಸೆಸರ್‌ಗಳು ಬಹುಪಾಲು ಈ ಪಟ್ಟಿಯಿಂದ ಹೊರಗಿವೆ. ಮೈಕ್ರೋಸಾಫ್ಟ್‌ನದೇ ‘ಪಿಸಿ ಹೆಲ್ತ್ ಚೆಕ್’ ತಂತ್ರಾಂಶವು ಕೊರತೆ ಯಾವುದೆಂದು ತಿಳಿಸುತ್ತದೆ. ಕೆಲವು ಯಂತ್ರಗಳಲ್ಲಿ ಟಿಪಿಎಂ ಇದ್ದರೂ ಬಯೋಸ್‌ನಲ್ಲಿ ಚಾಲನೆಗೊಂಡಿರುವುದಿಲ್ಲ. ರ್‍ಯಾಮ್ ಕಡಿಮೆಯಿದ್ದರೆ ಹೆಚ್ಚಾಗಿ ಸೇರಿಸಬಹುದು. ಪ್ರೊಸೆಸರ್ ಹಳತಾಗಿದ್ದರೆ ಮಾತ್ರ ಬೇರೆ ದಾರಿ ಹುಡುಕಬೇಕು.

ಆ ದಾರಿಯೇ ಲಿನಕ್ಸ್. ಉಬುಂಟು ಅಥವಾ ಲಿನಕ್ಸ್ ಮಿಂಟ್ ಅನ್ನು ಪೆನ್‌ಡ್ರೈವ್‌ನಿಂದಲೇ ಚಾಲನೆ ಮಾಡಿ, ಡಿಸ್ಕನ್ನು ಮುಟ್ಟದೆ, ವೈಫೈ, ಧ್ವನಿ, ಮುದ್ರಕಗಳು ನಡೆಯುವವೇ ಎಂದು ನೋಡಬಹುದು. ಇವಕ್ಕೆ 64 ಬಿಟ್ ಪ್ರೊಸೆಸರ್ ಅಗತ್ಯ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಗಣಕ ಪಾಠವು ವರ್ಷಗಳಿಂದ ಲಿನಕ್ಸ್‌ನಲ್ಲಿಯೇ ನಡೆದಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಕಲಿಯುತ್ತಾರೆ.

ಆದರೆ ಎಚ್ಚರವೂ ಬೇಕು. ಲಿನಕ್ಸ್ ಅನುಸ್ಥಾಪಿಸುವ ಮುನ್ನ ಕಡತಗಳ ಪ್ರತಿಯನ್ನು ಬೇರೆಡೆ ಇರಿಸಬೇಕು. ‘ನುಡಿ’ಯ ಹಳೆಯ ಅಕ್ಷರಗಳಲ್ಲಿ ಬೆರಳಚ್ಚಾದ ಬರಹಗಳನ್ನು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದು ಲೇಸು. ವಿಂಡೋಸ್‌ನಲ್ಲಿ ಮಾತ್ರ ನಡೆಯುವ ಲೆಕ್ಕದ ತಂತ್ರಾಂಶವನ್ನೇ ನಂಬಿದವರಿಗೆ ಈ ದಾರಿ ಹೊಂದದಿರಬಹುದು.

ಎಲ್ಲ ಪರೀಕ್ಷೆಗಳಲ್ಲಿಯೂ ಸೋತ ಯಂತ್ರವನ್ನು ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸುವುದೇ ಸರಿ. ತೋಟದ ಮೂಲೆಯಲ್ಲಿ ಸುಟ್ಟ ತಂತಿಯ ವಿಷ ಹಳ್ಳದ ನೀರಿಗೇ ಇಳಿಯುತ್ತದೆ. ಯಂತ್ರದ ಆಯುಷ್ಯವನ್ನು ನಿರ್ಧರಿಸಬೇಕಾದುದು ಅದರ ದುಡಿಮೆಯ ಶಕ್ತಿಯೇ ಹೊರತು ಕಂಪನಿಯ ಪಂಚಾಂಗವಲ್ಲ.