ಅಮೆರಿಕಕ್ಕೆ ಹೋಗುವ ಪಿಟೀಲು ಪಾಠ ಕೊಪ್ಪಕ್ಕೆ ಯಾಕೆ ಬರುವುದಿಲ್ಲ?

ನಮ್ಮ ಕಡೆ ‘ಪಿಟೀಲು’ ಎಂಬ ಪದ ಹೆಚ್ಚಾಗಿ ಕೇಳಿಸುವುದು ಬೈಗುಳದಲ್ಲಿ. ಯಾರಾದರೂ ಮಾತಾಡಿ ಮಾತಾಡಿ ತಲೆ ತಿಂದರೆ ‘ಸಾಕು, ಪಿಟೀಲು ಕುಯ್ಬೇಡ’ ಅಂತೀವಿ. ವಾದ್ಯವನ್ನು ಹತ್ತಿರದಿಂದ ಕಂಡವರು ಕಮ್ಮಿ, ಬೈಯಲು ಬಳಸುವವರು ಎಲ್ಲರೂ.

ಹೋದ ಬೇಸಿಗೆಯಲ್ಲಿ ಕೊಪ್ಪದ ಒಂದು ಮನೆಗೆ ಅಮೆರಿಕದಿಂದ ಮಗಳು, ಅಳಿಯ, ಹತ್ತು ವರ್ಷದ ಮೊಮ್ಮಗ ಬಂದಿದ್ದರು. ಹುಡುಗ ತನ್ನ ಪಿಟೀಲನ್ನೂ ತಂದಿದ್ದ. ರಜೆಯಲ್ಲೂ ಪಾಠ ತಪ್ಪಿಸುವಂತಿರಲಿಲ್ಲ. ಬೆಳಿಗ್ಗೆ ಜಗಲಿಯ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತರೆ ಪರದೆಯಲ್ಲಿ ಮೇಷ್ಟ್ರು ಬರುತ್ತಿದ್ದರು. ಆ ಮೇಷ್ಟ್ರು ಇರುವುದು ಮೈಸೂರಿನಲ್ಲಿ. ಅಕ್ಕಪಕ್ಕದ ಏಳೆಂಟು ಮಕ್ಕಳು ಕಾಂಪೌಂಡಿಗೆ ಆತುಕೊಂಡು ನೋಡುತ್ತಿದ್ದರು. ಬೇರೊಂದು ಸುದ್ದಿಗೆಂದು ಹೋಗಿದ್ದ ನನ್ನನ್ನು, ಸರ್ಕಾರಿ ಶಾಲೆಯಲ್ಲಿ ಆರನೇ ಕ್ಲಾಸು ಓದುವ ಹುಡುಗಿಯೊಬ್ಬಳು ಕೇಳಿದಳು: ‘ಅಣ್ಣ, ಇದನ್ನ ನಮ್ ಸ್ಕೂಲಲ್ಲಿ ಯಾಕೆ ಹೇಳ್ಕೊಡಲ್ಲ?’

ಮೈಸೂರಿನಿಂದ ಅಮೆರಿಕಕ್ಕೆ ಹೋಗುವ ಪಾಠ ಎಂಬತ್ತು ಚಿಲ್ಲರೆ ಕಿಲೋಮೀಟರ್ ದೂರದ ಕೊಪ್ಪಕ್ಕೆ ಯಾಕೆ ಬರುವುದಿಲ್ಲ? ಉತ್ತರ ಹೇಳಲು ನನಗೆ ಆಗಲಿಲ್ಲ. ಅದಕ್ಕೇ ಈ ಬರಹ.

ಮೇಷ್ಟ್ರ ಮೇಲೆ ನನ್ನ ದೂರಿಲ್ಲ. ಸಂಗೀತ ನಂಬಿದವರಿಗೆ ಹೊಟ್ಟೆಪಾಡು ಬೇಕು. ಹೊರದೇಶದ ಕನ್ನಡದ ಮನೆಗಳು ಮಕ್ಕಳನ್ನು ಒಟ್ಟುಗೂಡಿಸಿ, ವಾರ ಗೊತ್ತು ಮಾಡಿ, ತಿಂಗಳಿಗೆ ಸರಿಯಾಗಿ ಸಂಬಳ ಕಳಿಸುತ್ತವೆ. ಅಲ್ಲಿ ಮಗುವಿನ ಅಳತೆಯ ಪಿಟೀಲು ಬಾಡಿಗೆಗೂ ಸಿಗುತ್ತದೆ. ಅಲ್ಲಿನ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ನಾಲ್ಕನೇ, ಐದನೇ ತರಗತಿಯಿಂದಲೇ ತಂತಿವಾದ್ಯ ಕಲಿಸುತ್ತಾರೆ. ಪಾಠ ಅಲ್ಲಿಗೆ ಹೋಗುವುದು ಅಲ್ಲೊಂದು ವ್ಯವಸ್ಥೆ ಇರುವುದರಿಂದ. ನಮ್ಮಲ್ಲಿ ಇಲ್ಲದಿರುವುದು ಅದೇ.

ಪಿಟೀಲು ನಮ್ಮದಲ್ಲ ಅನ್ನುವವರಿಗೆ ಒಂದು ಮಾತು. ಹೌದು, ಅದು ಯೂರೋಪಿನಿಂದ ಬಂದದ್ದೇ. ಸುಮಾರು ಇನ್ನೂರು ವರ್ಷದ ಹಿಂದೆ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಯೂರೋಪಿಯನ್ ವಾದಕರಿಂದ ಅದನ್ನು ಕಲಿತರು. ಆಮೇಲೆ ನಮ್ಮವರು ಅದನ್ನು ನೆಲದ ಮೇಲೆ ಕೂರಿಸಿದರು, ತುದಿಯನ್ನು ಬಲಗಾಲಿನ ಮೇಲೆ ಊರಿದರು, ತಂತಿಗಳನ್ನು ಷಡ್ಜ-ಪಂಚಮಕ್ಕೆ ಶ್ರುತಿ ಮಾಡಿದರು. ಈಗ ಪಿಟೀಲಿಲ್ಲದ ಕರ್ನಾಟಕ ಸಂಗೀತ ಕಚೇರಿ ಅಪರೂಪ.

ನಮ್ಮ ಹೊಳೆಯ ದಾರಿಯನ್ನೇ ನೋಡಿ. ಕೊಪ್ಪದ ಸೇತುವೆಯ ಕೆಳಗೆ ಹರಿಯುವ ಕಾವೇರಿ ಮುಂದೆ ರುದ್ರಪಟ್ಟಣ ಮುಟ್ಟುತ್ತದೆ. ಗಾಯಕ ಆರ್.ಕೆ. ಶ್ರೀಕಂಠನ್ ಅವರ ಊರು. ಅವರ ಅಣ್ಣ ವೆಂಕಟರಾಮ ಶಾಸ್ತ್ರಿಗಳು ಪಿಟೀಲು ವಿದ್ವಾಂಸರು. ಅದೇ ನೀರು ಚುಂಚನಕಟ್ಟೆಯಲ್ಲಿ ಧುಮುಕಿ, ಕನ್ನಂಬಾಡಿ ದಾಟಿ, ತಿರುಮಕೂಡಲಿನಲ್ಲಿ ಕಪಿಲೆಯನ್ನು ಕೂಡುತ್ತದೆ. ಅಲ್ಲಿ 1895ರಲ್ಲಿ ಒಕ್ಕಲಿಗರ ಮನೆಯಲ್ಲಿ ಹುಟ್ಟಿದ ಹುಡುಗ ಮೈಸೂರಿಗೆ ಹೋಗಿ ಬಿಡಾರಂ ಕೃಷ್ಣಪ್ಪನವರಲ್ಲಿ ಕಲಿತು ‘ಪಿಟೀಲು ಚೌಡಯ್ಯ’ನಾದ. ಮೈಕಿಲ್ಲದ ಕಾಲದಲ್ಲಿ ಹಿಂದೆ ಕೂತವರಿಗೂ ಕೇಳಲಿ ಅಂತ ನಾಲ್ಕು ತಂತಿಯ ವಾದ್ಯಕ್ಕೆ ಮೂರು ತಂತಿ ಸೇರಿಸಿ ಏಳು ಮಾಡಿದವರು ಅವರು. ಹಿಂದೆ ಕೂತವರ ಬಗ್ಗೆ ಯೋಚಿಸಿದ ಆ ದೊಡ್ಡ ವಿದ್ವಾಂಸರ ಜಿಲ್ಲೆ ನಮ್ಮದು. ನಮ್ಮ ಮಕ್ಕಳು ಇನ್ನೂ ಹಿಂದೆಯೇ ಕೂತಿದ್ದಾರೆ.

‘ಓದೋಕೆ ಬರೆಯೋಕೇ ಬರಲ್ಲ, ಪಿಟೀಲು ಯಾಕೆ?’ ಅಂತ ಕೇಳುವವರಿದ್ದಾರೆ. ಅವರು ಕಾಲಿಂಪಾಂಗಿನ ಗಾಂಧಿ ಆಶ್ರಮ ಶಾಲೆಯ ಕತೆ ಕೇಳಬೇಕು. ಕೆನಡಾದಿಂದ ಬಂದ ಪಾದ್ರಿ ಎಡ್ವರ್ಡ್ ಮೆಕ್‌ಗ್ವಾಯರ್ 1993ರಲ್ಲಿ ಕೂಲಿಕಾರರ ಮಕ್ಕಳಿಗಾಗಿ ಅದನ್ನು ಶುರು ಮಾಡಿದರು. ಊಟ, ಪಾಠದ ಜೊತೆಗೆ ಮಕ್ಕಳ ಕೈಗೆ ಪಿಟೀಲು ಕೊಟ್ಟರು. ಅಲ್ಲಿ ಕಲಿತವರಲ್ಲಿ ಕೆಲವರು ಸಂಗೀತ ಓದಲು ಯೂರೋಪಿಗೂ ಹೋದರು. ನಮ್ಮ ಹೊಗೆಸೊಪ್ಪಿನ, ಶುಂಠಿಯ ಹೊಲಗಳಲ್ಲಿ ಕೂಲಿ ಮಾಡುವವರ ಮಕ್ಕಳ ಬೆರಳು ಅವರ ಬೆರಳಿಗಿಂತ ಬೇರೆಯೇನಲ್ಲ.

ಅಷ್ಟು ದೂರವೂ ಬೇಡ. ಕೊಪ್ಪದ ಪಕ್ಕದಲ್ಲೇ ಬೈಲಕುಪ್ಪೆ ಇದೆ. 1960ರ ದಶಕದ ಆರಂಭದಲ್ಲಿ ದೇಶ ಬಿಟ್ಟು ಬಂದು, ಕಾಡು ಕಡಿದು ಊರು ಕಟ್ಟಿದ ಜನ ತಮ್ಮ ಮಕ್ಕಳ ಶಾಲೆಯಿಂದ ಸಂಗೀತ, ನೃತ್ಯವನ್ನು ಹೊರಗಿಡಲಿಲ್ಲ. ಡ್ರಾನ್ಯೆನ್ ಎಂಬ ತಂತಿವಾದ್ಯ ಅವರ ಮಕ್ಕಳ ಕೈಯಲ್ಲಿ ಈಗಲೂ ಇದೆ. ಎಲ್ಲವನ್ನೂ ಕಳಕೊಂಡವರು ಸಂಗೀತಕ್ಕೆ ಮೇಷ್ಟ್ರನ್ನು ಇಟ್ಟುಕೊಂಡರು. ಏನೂ ಕಳಕೊಳ್ಳದ ನಾವು ಪ್ರತಿಭಾ ಕಾರಂಜಿಗೆ ವಾರ ಇರುವಾಗ ಮಕ್ಕಳಿಗೆ ಮೊಬೈಲಿನ ಟ್ರ್ಯಾಕ್ ಹಾಕಿ ಹಾಡು ಬಾಯಿಪಾಠ ಮಾಡಿಸುತ್ತೇವೆ. ಬಹುಮಾನ ಬಂದರೆ ಫೋಟೊ. ಆ ಸುದ್ದಿ ಕಳಿಸುವವನು ನಾನೇ.

ಪರದೆಯ ಪಾಠವನ್ನೇ ಸ್ಮಾರ್ಟ್ ಕ್ಲಾಸಿಗೆ ಹಾಕಿದರಾಯಿತಲ್ಲ ಅಂತ ಕೇಳಬಹುದು. ಮೊದಲ ವರ್ಷಕ್ಕೆ ಅದು ಸಾಲದು. ವೀಣೆಗಿರುವ ಹಾಗೆ ಪಿಟೀಲಿಗೆ ಮೆಟ್ಟಿಲಿಲ್ಲ. ಸ್ವರದ ಜಾಗ ಬೆರಳಿಗೂ ಕಿವಿಗೂ ಗೊತ್ತಾಗಬೇಕು. ಕಮಾನು ಹಿಡಿದ ಮಣಿಕಟ್ಟನ್ನು ಮೇಷ್ಟ್ರು ಮುಟ್ಟಿ ತಿದ್ದಬೇಕು. ಬಿರಡೆ ಸಡಿಲವಾದರೆ ಶ್ರುತಿ ಮಾಡಿಕೊಡಲು ಒಬ್ಬರು ಎದುರಿಗಿರಬೇಕು.

ಹಾಗಾದರೆ ಏನು ಮಾಡಬಹುದು? ಒಂದು ಕ್ಲಸ್ಟರ್, ಹತ್ತು ಪಿಟೀಲು, ವಾರಕ್ಕೊಂದು ದಿನ ಮೈಸೂರಿನಿಂದ ಬರುವ ಒಬ್ಬ ಮೇಷ್ಟ್ರು. ಕಲಿಯುವವರ ಪಿಟೀಲು ಐದಾರು ಸಾವಿರಕ್ಕೆ ಸಿಗುತ್ತದೆ. ಅರ್ಧ ಅಳತೆಯವು ಐದು, ಮುಕ್ಕಾಲು ಅಳತೆಯವು ಐದು ಇರಲಿ. ವಾದ್ಯ ಶಾಲೆಯದ್ದಾಗಿರಲಿ, ಒಂದು ಮಗು ಬೆಳೆದ ಮೇಲೆ ಇನ್ನೊಂದಕ್ಕೆ ಹೋಗಲಿ. ಹಬ್ಬದ ಒಂದು ರಾತ್ರಿಯ ಆರ್ಕೆಸ್ಟ್ರಾಗೆ ಊರವರು ಎತ್ತುವ ಚಂದಾ ಇದಕ್ಕಿಂತ ಕಮ್ಮಿಯೇನಲ್ಲ. ಮೇಷ್ಟ್ರ ಸಂಬಳ, ಬಸ್ ಚಾರ್ಜನ್ನು ಹೊರದೇಶದಲ್ಲಿರುವ ಊರಿನ ಮಕ್ಕಳು ಹಂಚಿಕೊಳ್ಳಬಹುದು. ದೇವಸ್ಥಾನಕ್ಕೆ ಕೊಡುವವರು ಇದಕ್ಕೂ ಕೊಡುತ್ತಾರೆ, ಕೇಳಬೇಕಷ್ಟೆ.

ಆದರೆ ಕೊಡುವವರು ಪಿಟೀಲು ಕೊಡಿಸಿ ಕೈ ತೊಳೆದುಕೊಳ್ಳಬಾರದು. ಶಾಲೆಯೊಂದರಲ್ಲಿ ದಾನಿಗಳು ಕೊಟ್ಟ ಹಾರ್ಮೋನಿಯಂ ಬೀರುವಿನಲ್ಲಿ ಇಲಿ ಕಡಿದು ಬಿದ್ದಿರುವುದನ್ನು ನಾನೇ ನೋಡಿದ್ದೇನೆ. ನುಡಿಸುತ್ತಿದ್ದ ಟೀಚರಿಗೆ ವರ್ಗವಾಗಿತ್ತು. ಮೊದಲು ಮೇಷ್ಟ್ರಿಗೆ ಮೂರು ವರ್ಷದ ಭರವಸೆ, ಆಮೇಲೆ ವಾದ್ಯ.

ಇದೆಲ್ಲ ಬೆಂಗಳೂರಿನಿಂದ ಆದೇಶ ಬರಬೇಕಾದ ಕೆಲಸ ಅಂತ ಕೈ ಚೆಲ್ಲಬೇಡಿ. 1995ರಲ್ಲಿ ಎಚ್.ಡಿ. ಕೋಟೆಯ ಮೇಷ್ಟ್ರುಗಳು ರಿಷಿ ವ್ಯಾಲಿಗೆ ಹೋಗಿ ನೋಡಿಬಂದು ಕಟ್ಟಿದ್ದು ‘ನಲಿ-ಕಲಿ’. ಆಮೇಲೆ ಇಡೀ ರಾಜ್ಯವೇ ಅದನ್ನು ತೆಗೆದುಕೊಂಡಿತು. ನಮ್ಮ ಸೀಮೆಯ ಕೊನೆಯ ತಾಲ್ಲೂಕಿನಿಂದ ಅಷ್ಟಾದರೆ ಕೊಪ್ಪದಿಂದ ಹತ್ತು ಪಿಟೀಲು ಆಗದೇ?

ಆ ಹುಡುಗಿ ಈ ವರ್ಷ ಏಳನೇ ಕ್ಲಾಸು. ಮುಕ್ಕಾಲು ಅಳತೆಯ ಪಿಟೀಲು ಅವಳ ಕೈಗೆ ಸರಿಹೋಗುವುದು ಇನ್ನೊಂದೆರಡು ವರ್ಷ ಮಾತ್ರ.